ಮಬುಲಾನ ಅಮ್ಮಂದಿರು

ಬುಕೊಂಜಾ
೧೨ ಆಗಸ್ಟ್ ೧೯೯೮

ನಾದಿನಿ ಲಿಮಿಗೆ ಭಾವ ಮಗೆಂಬೆ ಬರೆಯುವುದು,

ಹೋಪಿಂಗ್ ದಟ್ ದಿಸ್ ಲೆಟರ್ ಫೈಂಡ್ಸ್ ಯು. ಮುಂದಿನದು ಮರೆತಿದೆ. ಮ್ವಾಂಜಾದ ಟೀಚರ್ಸ್ ಕಾಲೇಜಿನಲ್ಲಿ ಒಂದೂವರೆ ವರ್ಷ ಕಲಿತ ಇಂಗ್ಲಿಷಿನಲ್ಲಿ ಇಷ್ಟೇ ಉಳಿದಿರುವುದು. ಆಮೇಲೆ ಅಪ್ಪ ತೀರಿಕೊಂಡ, ದನ ಕಾಯಲು ಯಾರೂ ಇರಲಿಲ್ಲ, ನಾನು ವಾಪಸ್ಸು ಬಂದೆ. ಈ ಕಥೆ ನಿನಗೆ ನೂರು ಸಲ ಹೇಳಿದ್ದೇನೆ. ಹೇಳುತ್ತಿದ್ದರೆ ನಿನ್ನ ಅಕ್ಕ ಒಳಗಿನಿಂದ ಕೆಮ್ಮುತ್ತಿದ್ದಳು, ಸಾಕು ಮಾಡು ಎಂದು. ಈಗ ಕೆಮ್ಮುವವರಿಲ್ಲ, ಅದಕ್ಕೇ ಕಾಗದ ಉದ್ದವಾಗುತ್ತದೆ.

ಒಣಗೆಣಸು ಒಂದು ಚೀಲ ಬಸ್ಸಿಗೆ ಹಾಕಿದ್ದೇನೆ. ಟಾಂಗಾದ ಸಮುದ್ರದ ಗಾಳಿಗೆ ಮೆತ್ತಗಾಗುವ ಮೊದಲು ತಿಂದುಬಿಡು. ಇನ್ನು ಮುಂದೆ ಇಲ್ಲಿ ಗೆಣಸು ಸಿಗುವುದು ಕಷ್ಟ. ಯಾಕೆಂದರೆ ಗುಡ್ಡಕ್ಕೆ ಕಂಪನಿ ಬಂದಿದೆ.

ನೀನು ನೋಡಿದ್ದ ಚಿನ್ನವೇ ಬೇರೆ. ಗಂಡಸರು ಬಾವಿಯಂಥ ಗುಂಡಿ ತೋಡುವುದು, ಹೆಂಗಸರು ಕೂತು ಕಲ್ಲು ಕುಟ್ಟುವುದು, ಬಾಣಲೆಯಲ್ಲಿ ಪಾದರಸ ಹಾಕಿ ತಿಕ್ಕುವುದು, ಸಂಜೆಗೆ ಒಬ್ಬನಿಗೆ ಸಿಕ್ಕರೆ ಹತ್ತು ಜನ ಕುಡಿಯುವುದು. ಈಗ ಬಂದವರು ಗುದ್ದಲಿ ಮುಟ್ಟುವುದಿಲ್ಲ. ಲಾರಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಗುಡ್ಡಕ್ಕೆ ತೂತು ಹಾಕುತ್ತಾರೆ, ತೂತಿನಿಂದ ಬಂದ ಕಲ್ಲಿನ ಕಡ್ಡಿಗಳನ್ನು ಮಗುವಿನ ಹಾಗೆ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಒಂದು ವರ್ಷದಿಂದ ಇದೇ ಕೆಲಸ. ನಮ್ಮ ಊರು ಆ ಚಿನ್ನದ ಮೇಲೆ ಕೂತಿದೆಯಂತೆ, ಆದ್ದರಿಂದ ಏಳಬೇಕಂತೆ. ರಸ್ತೆಯ ಆಚೆ ತಗಡಿನ ಮನೆ ಕಟ್ಟಿಕೊಡುತ್ತಾರೆ.

ಕಾಗದಪತ್ರ ಎಲ್ಲ ಇಂಗ್ಲಿಷಿನಲ್ಲಿ. ಊರಿನವರು ನನ್ನ ಮನೆ ಮುಂದೆ ಬಂದು ಕೂತರು. ಒಂದು ದಿನವೂ ಪಾಠ ಹೇಳಿದವನಲ್ಲ, ಆದರೂ ನನ್ನನ್ನು ಮೇಷ್ಟ್ರು ಎಂದೇ ಕರೆಯುತ್ತಾರಲ್ಲ, ಅದರ ಋಣ ತೀರಿಸುವ ದಿನ ಬಂತು ಎಂದುಕೊಂಡೆ. ಮುದುಕ ಮದುಹು ಎಲ್ಲರಿಗಿಂತ ಮುಂದೆ ಕೂತಿದ್ದ.

"ಮೇಷ್ಟ್ರೇ, ಕೊನೇ ಸಾಲು ಏನಂತದೆ?"

"ಆಲ್ ರಿಮೇನ್ಸ್ ಅಂತಿದೆ. ರಿಮೇನ್ ಅಂದ್ರೆ ಉಳಿಯೋದು. ರಿಮೇನ್ಸ್ ಅಂದ್ರೆ ಉಳಿದದ್ದು. ಅರವತ್ತು ದಿನದೊಳಗೆ ನಾವೇ ಬೇಡ ಅಂದ್ರೆ ಸರಿ, ಇಲ್ಲಾಂದ್ರೆ ಉಳಿದದ್ದೆಲ್ಲ ಕಂಪನಿಯೋರೇ ಹೊತ್ಕೊಂಡು ಹೊಸ ಜಾಗಕ್ಕೆ ತಂದಿಡ್ತಾರೆ."

"ನನ್ನ ಒರಳು ಇದೆಯಲ್ಲ, ದೊಡ್ಡದು. ಅದನ್ನೂ?"

"ಒರಳು, ಮುರಿದ ಬಾಗಿಲು, ನಿನ್ನ ಹಳೇ ಚಪ್ಪಲಿ, ಎಲ್ಲಾನೂ."

"ಒಳ್ಳೇ ಜನ ಬಿಡು" ಎಂದು ಹೆಬ್ಬೆಟ್ಟು ಒತ್ತಿದ. ಅವನ ಹಿಂದೆ ಎಲ್ಲರೂ ಒತ್ತಿದರು. ನಾನೊಬ್ಬನೇ ಸಹಿ ಹಾಕಿದವನು.

ನಿನ್ನ ಅಕ್ಕ ದನದ ದೊಡ್ಡಿಯ ಪಕ್ಕ ಅಲ್ಲೇ ಇದ್ದಾಳೆ. ಕಳ್ಳಿಬೇಲಿ ಮೊಣಕಾಲುದ್ದ ಬಂದಿದೆ. ಕಂಪನಿಯ ಗುಮಾಸ್ತ ಸಮಾಧಿಗಳ ಪಟ್ಟಿಯನ್ನೂ ಮಾಡಿಕೊಂಡು ಹೋದ, ಬೇಲಿ ಹಾಕಿ ಕಾಪಾಡಲು ಇರಬೇಕು.

ನಿನ್ನ ಭಾವ,
ಮಗೆಂಬೆ


ಟಾಂಗಾ
೨೦ ಸೆಪ್ಟೆಂಬರ್ ೧೯೯೮

ಭಾವ,

ಗೆಣಸು ಬಂತು, ಅರ್ಧ ಚೀಲ. ಉಳಿದರ್ಧ ಕಂಡಕ್ಟರ್ ತಿಂದನೋ ನೀವೇ ಅಷ್ಟು ಹಾಕಿದಿರೋ ನನಗೆ ಗೊತ್ತಿಲ್ಲ. ನಿಮ್ಮ ಕೈ ಯಾವತ್ತೂ ಬಿಗಿ ಎಂದು ಅಕ್ಕ ಹೇಳುತ್ತಿದ್ದಳು.

ನಾನು ಅದೇ ಶಾಲೆಯ ಅಡುಗೆಮನೆಯಲ್ಲಿ ಇದ್ದೇನೆ. ಇನ್ನೂರು ಹುಡುಗಿಯರಿಗೆ ಗಂಜಿ, ಉಗಾಲಿ ಮುದ್ದೆ, ಬೀನ್ಸು. ಮೊದಲಿನ ಹಾಗೆ ದೊಡ್ಡ ಹಂಡೆ ಎತ್ತಲು ಆಗುವುದಿಲ್ಲ, ಕನ್ನಡಕ ಹಾಕಿಕೊಂಡು ಕೂತು ಬೀನ್ಸು ಆರಿಸುತ್ತೇನೆ.

ಒಂದು ವಿಷಯ ಕೇಳಬೇಕು. ಅಕ್ಕನ ಎಡಗಡೆ, ಬೇಲಿಗೂ ಅವಳಿಗೂ ನಡುವೆ, ಜಾಗ ಇದೆ ಎಂದು ನೀವು ಹಿಂದೆ ಬರೆದಿದ್ದಿರಲ್ಲ. ಅದು ಇನ್ನೂ ಖಾಲಿ ಇದೆಯಾ? ಅದನ್ನು ಯಾರಿಗೂ ಕೊಡಬೇಡಿ. ನನಗೆ ಬೇಕು.

ಲಿಮಿ


ಬುಕೊಂಜಾ
೮ ನವೆಂಬರ್ ೧೯೯೮

ಲಿಮಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೂರನೇ ಸಲ ಓದಲು ಮನಸ್ಸಾಗಲಿಲ್ಲ.

ಕಂಪನಿ ಬಂದ ಮೇಲೆ ನನ್ನ ಅಂಗಳಕ್ಕೆ ಯಾರು ಯಾರು ಬಂದರು ಗೊತ್ತಾ? ಹತ್ತು ವರ್ಷದಿಂದ ಮುಖ ತೋರಿಸದ ಚಿಕ್ಕಪ್ಪನ ಮಗ ಬಂದ. ಬಂದವನು ಕುಶಲ ಕೇಳುವ ಮೊದಲೇ ನನ್ನ ಹೊಲದ ಬದುವಿನಲ್ಲಿ ಮಾವಿನ ಸಸಿ ನೆಡತೊಡಗಿದ. ಮರಕ್ಕೂ ಪರಿಹಾರ ಇದೆಯಲ್ಲ, ಅದಕ್ಕೆ. ಒಂದು ಗುಣಿಯಲ್ಲಿ ನಾಲ್ಕು ಸಸಿ. "ಇದು ಮಾವಲ್ಲ ಕಣೋ, ಬಾಚಣಿಗೆ" ಎಂದೆ. ನಗಲಿಲ್ಲ ಅವನು. ಈಗ ಟಾಂಗಾದಿಂದ ನೀನೂ ಜಾಗ ಬೇಕು ಎಂದು ಬರೆಯುತ್ತೀಯ. ಎಷ್ಟು ಬೇಕು, ಎಷ್ಟು ಸಸಿ ನೆಡುತ್ತೀಯ ಅದನ್ನೂ ಬರೆ, ನಾನೇ ನೀರು ಹಾಕುತ್ತೇನೆ.

ಇದು ತಮಾಷೆ. ಪೂರ್ತಿ ತಮಾಷೆಯಲ್ಲ.

ಮಗೆಂಬೆ


ಹೊಸ ಬುಕೊಂಜಾ, ರಸ್ತೆಯ ಆಚೆ
೨೫ ಏಪ್ರಿಲ್ ೧೯೯೯

ಲಿಮಿ,

ಐದು ತಿಂಗಳಾಯಿತು, ಉತ್ತರವಿಲ್ಲ. ತಪ್ಪು ನನ್ನದೇ ಇರಬೇಕು. ಭಾವ ನಾದಿನಿ ಎಂದ ಮೇಲೆ ಚುಚ್ಚುವುದು ಇದ್ದದ್ದೇ ಎಂದು ಬರೆದುಬಿಟ್ಟೆ. ಕಾಗದದಲ್ಲಿ ಮುಖ ಕಾಣುವುದಿಲ್ಲ ಎಂಬುದು ಮರೆಯಿತು.

ಜನವರಿಯಲ್ಲಿ ನಮ್ಮನ್ನು ಇಲ್ಲಿಗೆ ತಂದರು. ಸಾಲಾಗಿ ತಗಡಿನ ಮನೆಗಳು, ಒಂದರ ಹಾಗೆ ಇನ್ನೊಂದು. ಮದುಹು ಎರಡು ಸಲ ನನ್ನ ಮನೆಯೊಳಗೆ ಬಂದು ಊಟ ಬಡಿಸು ಎಂದು ಸೊಸೆಯನ್ನು ಕೂಗಿದ್ದಾನೆ. ಮಧ್ಯಾಹ್ನ ತಗಡಿನ ಕೆಳಗೆ ಕೂರಲು ಆಗುವುದಿಲ್ಲ, ಎಲ್ಲರೂ ಗೋಡೆಯ ನೆರಳಿನ ಜೊತೆ ಜರುಗುತ್ತ ಮನೆಯ ಸುತ್ತ ಒಂದು ಸುತ್ತು ಬರುತ್ತೇವೆ, ಅಷ್ಟರಲ್ಲಿ ಸಂಜೆ. ಮೂರೂ ಮುಕ್ಕಾಲಿಗೆ ಸೈರನ್ ಕೂಗುತ್ತದೆ, ಆಮೇಲೆ ಗುಡ್ಡ ಹಾರುತ್ತದೆ. ಕೋಳಿಗಳು ಸೈರನ್ನಿಗೇ ಒಳಗೆ ಹೋಗಲು ಕಲಿತಿವೆ. ಗುಡ್ಡ ಎಂದು ಬರೆದೆ, ಅಭ್ಯಾಸ. ಅಲ್ಲಿ ಈಗ ಗುಡ್ಡಕ್ಕಿಂತ ಗುಂಡಿ ದೊಡ್ಡದು. ಒಂದೊಂದು ಲಾರಿಯ ಚಕ್ರ ನನ್ನ ಮನೆಯ ಬಾಗಿಲಿಗಿಂತ ಎತ್ತರ. ಗೈಟಾದ ಕಡೆಯಿಂದ ದಿನಾ ಜನ ಬರುತ್ತಾರೆ. ರಸ್ತೆಯುದ್ದಕ್ಕೂ ಬಾರು, ಹೋಟೆಲು, ಫೋನಿನ ಅಂಗಡಿ. ಒಂದು ಮೀನಿಗೆ ಕೇಳುವ ಬೆಲೆಗೆ ಮೊದಲು ದೋಣಿಯೇ ಬರುತ್ತಿತ್ತು.

ನಿನ್ನ ಅಕ್ಕನ ಮಗ ಮಬುಲಾನಿಗೆ ಕೆಲಸ ಸಿಕ್ಕಿದೆ. ಕಿತ್ತಳೆ ಬಣ್ಣದ ಕೋಟು ಹಾಕಿ ಬೇಲಿ ಕಾಯುತ್ತಾನೆ. ಹೋದ ವಾರ ನಾನು ಬೇಲಿಯ ಹತ್ತಿರ ಹೋದೆ.

"ಅಪ್ಪಾ, ಇಲ್ಲಿ ನಿಲ್ಲೋ ಹಾಗಿಲ್ಲ."

"ನೀನು ಹುಟ್ಟಿದ ಜಾಗ ಕಣೋ ಅದು. ನೋಡ್ತಿದೀನಿ."

"ಗೊತ್ತು. ನೋಡೋದು ನೋಡಿ, ನಡೀತಾ ನೋಡಿ. ಕ್ಯಾಮೆರಾ ಇದೆ."

ಅವನ ತಪ್ಪೇನಿಲ್ಲ. ನಡೆಯುತ್ತ ನೋಡಿದೆ.

ನಿನ್ನ ಅಕ್ಕ ಚೆನ್ನಾಗಿದ್ದಾಳೆ.

ಮಗೆಂಬೆ


ಟಾಂಗಾ
೧೭ ಮೇ ೧೯೯೯

ಭಾವ,

ಸತ್ತವಳು ಚೆನ್ನಾಗಿದ್ದಾಳೆ ಎಂದು ಬರೆಯುವವರು ನೀವೊಬ್ಬರೇ.

ಜುಲೈಯಲ್ಲಿ ಶಾಲೆಗೆ ರಜೆ. ಆಗ ಬರುತ್ತೇನೆ. ಅವಳನ್ನು ಮಣ್ಣು ಮಾಡುವಾಗ ನನಗೆ ಬರಲಾಗಲಿಲ್ಲ, ನಾಲ್ಕು ವರ್ಷದಿಂದ ಅದೇ ಎದೆಯಲ್ಲಿ ಇದೆ. ಜೋಳದ ಬೀರು ಸ್ವಲ್ಪ ಮಾಡಿಸಿಡಿ, ಅವಳ ತಲೆಯ ಹತ್ತಿರ ಹೊಯ್ಯಬೇಕು, ನಾನೇ ಹೊಯ್ಯಬೇಕು. ಒಂದು ದಿನ ಅಲ್ಲಿ ಕೂರುತ್ತೇನೆ. ಊಟ ಕೂಡ ಬೇಡ. ಸಸಿಯನ್ನೂ ತರುವುದಿಲ್ಲ.

ಎಡಗಡೆಯ ಜಾಗದ ಬಗ್ಗೆ ನೀವು ಏನೂ ಬರೆಯಲಿಲ್ಲ.

ಲಿಮಿ


ಹೊಸ ಬುಕೊಂಜಾ
೧೪ ಜೂನ್ ೧೯೯೯

ಲಿಮಿ,

ಜುಲೈಯಲ್ಲಿ ಬರಬೇಡ. ಧೂಳು ಬಹಳ. ಶಿನ್ಯಾಂಗಾದ ಹತ್ತಿರ ಬಸ್ಸೊಂದು ಮಗುಚಿದೆ. ಮನೆಯ ಒಂದು ಕೋಣೆಯಲ್ಲಿ ಮಬುಲಾನ ಸ್ನೇಹಿತರು ಬಾಡಿಗೆಗೆ ಇದ್ದಾರೆ, ಬಾಯಿ ಒರಟು. ನೀರೂ ಸರಿಯಿಲ್ಲ. ಬೀರು ಮಾಡುವ ಮುದುಕಿಗೆ ಕೈ ನೋವು. ಮಳೆ ಬಂದ ಮೇಲೆ ನೋಡೋಣ.

ಕಾಲೇಜಿನಲ್ಲಿ ಪೋಸ್ಟ್‌ಪೋನ್ ಎಂಬ ಪದ ಕಲಿಸಿದ್ದರು. ಕಂಬ ಮತ್ತು ಫೋನು ಎಂದು ನಾನು ಬರೆದಿದ್ದೆ, ಇಡೀ ತರಗತಿ ನಕ್ಕಿತ್ತು.

ಮಗೆಂಬೆ


ಟಾಂಗಾ
೩ ಅಕ್ಟೋಬರ್ ೧೯೯೯

ಭಾವ,

ನೀವು ಬರಬೇಡ ಎಂದಿರಿ, ಬರಲಿಲ್ಲ. ಈಗ ಬರೆಯುತ್ತಿರುವುದು ನಾನಲ್ಲ, ಅಡುಗೆಮನೆಯ ಜೊತೆಗಾತಿ, ನಾನು ಹೇಳಿದ್ದನ್ನು ಬರೆಯುತ್ತಿದ್ದಾಳೆ. ನನಗೆ ಪೆನ್ನು ಹಿಡಿಯಲು ಆಗುವುದಿಲ್ಲ.

ನಿಮಗೆ ಜಾಗ ಎಂದರೆ ಕಂಪನಿ ಕೊಡುವ ಪರಿಹಾರ ಎಂದು ಅನಿಸಿತು. ನಾನು ಕೇಳಿದ್ದು ಮಲಗಲು. ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಹೋದ ವರ್ಷವೇ ಡಾಕ್ಟರು ಹೇಳಿದರು. ಕತ್ತರಿಸುವ ಹಂತ ದಾಟಿದೆಯಂತೆ. ನಾನು ಹೇಳಲಿಲ್ಲ, ಯಾಕೆಂದರೆ ಹೇಳಿದರೆ ನೀವು ತಮಾಷೆ ಮಾಡುವುದು ನಿಲ್ಲಿಸುತ್ತೀರಿ, ಆಮೇಲೆ ನಿಮ್ಮ ಕಾಗದದಲ್ಲಿ ಓದಲು ಏನಿರುತ್ತದೆ.

ಇಲ್ಲಿ ಉಪ್ಪು ಮಣ್ಣು. ನನ್ನ ಗಂಡ ಎಲ್ಲಿದ್ದಾನೋ ಗೊತ್ತಿಲ್ಲ, ಮಕ್ಕಳಿಲ್ಲ. ಅಕ್ಕನೂ ನಾನೂ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು, ನಾನು ಯಾವಾಗಲೂ ಅವಳ ಎಡಗಡೆ. ಬಲಗಡೆ ಮಲಗಿದರೆ ಅವಳು ಒದೆಯುತ್ತಿದ್ದಳು.

ಆರಡಿ ಉದ್ದ, ಮೂರಡಿ ಅಗಲ. ಇದೆಯೋ ಇಲ್ಲವೋ, ಅದೊಂದನ್ನು ಬರೆಯಿರಿ.

ಲಿಮಿ


ಹೊಸ ಬುಕೊಂಜಾ
೨೧ ಅಕ್ಟೋಬರ್ ೧೯೯೯

ಲಿಮಿ,

ಇಲ್ಲ.

ಅದೊಂದನ್ನು ಬರೆ ಎಂದೆ, ಬರೆದೆ. ಆದರೆ ಇಷ್ಟಕ್ಕೆ ನಿಲ್ಲಿಸಿದರೆ ಮತ್ತೆ ಸುಳ್ಳಾಗುತ್ತದೆ. ಕುಳಿತುಕೊಂಡು ಕೇಳು, ಓದಿ ಹೇಳುವ ಆ ತಾಯಿಗೂ ಕುರ್ಚಿ ಕೊಡು.

ರಿಮೇನ್ಸ್ ಎಂದರೆ ಉಳಿದದ್ದು ಎಂದು ನಾನು ಊರಿಗೆ ಹೇಳಿದ್ದೆನಲ್ಲ. ಆ ಪದಕ್ಕೆ ಇನ್ನೊಂದು ಅರ್ಥ ಇದೆ. ಮನುಷ್ಯನದು ಏನು ಉಳಿಯುತ್ತದೋ ಅದು. ಮೂಳೆ. ಮಾರ್ಚ್ ತಿಂಗಳಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡ ಹನ್ನೆರಡು ಜನ ಕೂಲಿಗಳು, ಒಬ್ಬ ಪಾದ್ರಿ, ಒಬ್ಬ ಸರ್ಕಾರಿ ಮನುಷ್ಯ, ಇಷ್ಟು ಜನ ಬೇಲಿಯೊಳಗೆ ಹೋದರು. ಮಬುಲಾ ಓಡಿ ಬಂದು ಹೇಳಿದ. ನಾನು ಹೋಗಿ ಗೇಟಿನಲ್ಲಿ ಕೂಗಾಡಿದೆ. ಗುಮಾಸ್ತ ಕಾಗದ ತಂದು ತೋರಿಸಿದ. ಚಿಕ್ಕ ವಯಸ್ಸಿನವನು, ಅರುಷಾದ ಕಡೆಯವನು, ಕೆಟ್ಟವನಲ್ಲ.

"ತಾತ, ಅರವತ್ತು ದಿನ ಟೈಮ್ ಕೊಟ್ಟಿತ್ತು. ನಾವೇ ತೆಗೀತೀವಿ ಅಂತ ಯಾರೂ ಬರ್ಲಿಲ್ಲ. ಇಲ್ಲಿ ಸಹಿ ನಿಮ್ಮದೇ ಅಲ್ವಾ?"

"ನನ್ನದೇ."

"ಓದಿದ್ರಾ?"

"ಓದಿದೆ. ಎಲ್ಲರಿಗೂ ಓದಿ ಹೇಳಿದೆ."

ಲಿಮಿ, ಆ ಮಾತು ಹೇಳಿದ ಮೇಲೆ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಊರಿನ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮದುಹು ಮಾತ್ರ ಒಂದು ಸಲ, "ಒರಳು ಅಲ್ಲೇ ಉಳೀತು ಮೇಷ್ಟ್ರೇ" ಎಂದ. ಈಗ ನನ್ನನ್ನು ಮೇಷ್ಟ್ರು ಎಂದು ಕರೆಯುವವನು ಅವನೊಬ್ಬನೇ, ಅದೂ ಮರೆವಿನಿಂದ.

ಇನ್ನೂ ಇದೆ. ಹೊಸ ಸ್ಮಶಾನ ರಸ್ತೆಯ ಈಚೆಗೆ ಇದೆ, ಮೂವತ್ತೇಳು ಸಮಾಧಿ, ತಲೆಯ ಹತ್ತಿರ ಒಂದೊಂದು ಸಿಮೆಂಟಿನ ಗೂಟ, ಗೂಟಕ್ಕೆ ನಂಬರು. ಎಲ್ಲ ನೇರ ಸಾಲು. ನಿನ್ನ ಅಕ್ಕ ಯಾವ ನಂಬರು ಎಂದು ಗುಮಾಸ್ತನನ್ನು ಕೇಳಿದೆ. ಹೆಸರು ಹೇಳಿ ಎಂದ. ಮಬುಲಾನ ಅಮ್ಮ ಎಂದೆ. ಅವನು ಪುಸ್ತಕ ನೋಡಿ, ತಲೆಯೆತ್ತಿ, ಮತ್ತೆ ಪುಸ್ತಕ ನೋಡಿದ.

"ಹದಿನಾಲ್ಕು. ಇಪ್ಪತ್ತೆರಡು. ಮೂವತ್ತೊಂದು. ಮೂರೂ ಮಬುಲಾನ ಅಮ್ಮ."

ಮಳೆಗಾಲದಲ್ಲಿ ಹುಟ್ಟಿದ ಗಂಡು ಎಂದರೆ ನಮ್ಮಲ್ಲಿ ಮಬುಲಾ. ಊರಲ್ಲಿ ಎಷ್ಟು ಮಳೆ, ಅಷ್ಟು ಮಬುಲಾ. ಮಗ ಹುಟ್ಟಿದ ದಿನದಿಂದ ನಾನು ಅವಳನ್ನು ಹೆಸರು ಹಿಡಿದು ಕರೆದಿಲ್ಲ, ಯಾವ ಗಂಡ ಕರೆಯುತ್ತಾನೆ. ಪಟ್ಟಿ ಮಾಡುವ ದಿನ ಗುಮಾಸ್ತ ಕೇಳಿದಾಗಲೂ ಅದನ್ನೇ ಹೇಳಿದೆ. ಮದುಹುವೂ ಅದನ್ನೇ ಹೇಳಿದ್ದಾನೆ, ಅವನ ಮಗನೂ ಮಬುಲಾ. ಇನ್ನೊಂದು ಮನೆಯವರೂ ಅದನ್ನೇ ಹೇಳಿದ್ದಾರೆ. ಹಳೆಯ ಸಮಾಧಿಯ ಕಲ್ಲುಗಳ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆದಿದ್ದರಂತೆ, ತೆಗೆಯುವ ಹಿಂದಿನ ದಿನ ಮಳೆ ಬಂದು ಅದೂ ಹೋಯಿತು. ಕೂಲಿಗಳು ಪೆಟ್ಟಿಗೆಗೆ ಬರಿ ಹೆಸರಿನ ಚೀಟಿ ಅಂಟಿಸಿದರು.

ಸೋಮವಾರ ಹದಿನಾಲ್ಕರ ಹತ್ತಿರ ಕೂರುತ್ತೇನೆ, ಬುಧವಾರ ಇಪ್ಪತ್ತೆರಡು, ಶುಕ್ರವಾರ ಮೂವತ್ತೊಂದು. ಮೂರರಲ್ಲಿ ಯಾರೂ ಕೆಮ್ಮುವುದಿಲ್ಲ.

ಎಡಗಡೆ ಯಾವುದು ಎಂದು ನಾನು ನಿನಗೆ ಹೇಗೆ ಹೇಳಲಿ.

ಮಗೆಂಬೆ


ಟಾಂಗಾ
೯ ಜನವರಿ ೨೦೦೦

ಭಾವ,

ನಿಮ್ಮ ಕಾಗದ ಓದಿ ಹೇಳುವಾಗ ಜೊತೆಗಾತಿ ಅತ್ತಳು, ನಾನು ಅಳಲಿಲ್ಲ. ನನಗೆ ಸಿಟ್ಟು ಬಂತು. ಎರಡು ತಿಂಗಳು ಸಿಟ್ಟಿನಲ್ಲೇ ಇದ್ದೆ. ಸಿಟ್ಟಿಗೂ ಶಕ್ತಿ ಬೇಕು, ಅದು ಖರ್ಚಾಯಿತು. ಈಗ ಬರೆಸುತ್ತಿದ್ದೇನೆ.

ಇಂಗ್ಲಿಷ್ ತಪ್ಪಿದ್ದಕ್ಕೆ ನನಗೆ ಸಿಟ್ಟಿಲ್ಲ. ಅದು ಅವರ ಭಾಷೆ, ಅವರು ಹೇಗೆ ಬೇಕಾದರೂ ತಿರುಗಿಸಲಿ. ಆದರೆ ಅವಳ ಹೆಸರು ನಿಮಗೆ ಗೊತ್ತಿತ್ತಲ್ಲ. ನಿಮ್ಮ ಕಾಗದಗಳನ್ನೆಲ್ಲ ಮೊನ್ನೆ ತೆಗೆಸಿ ಓದಿಸಿದೆ. ನಿನ್ನ ಅಕ್ಕ, ಮಬುಲಾನ ಅಮ್ಮ, ಅವಳು. ಹೆಸರು ಒಂದು ಸಲವೂ ಇಲ್ಲ.

ಮಿಂಜಾ. ಬರೆಯಲು ಕಷ್ಟವಲ್ಲ, ಅಡುಗೆಮನೆಯವಳೇ ಬರೆದಿದ್ದಾಳೆ ನೋಡಿ.

ಆ ಉಳಿದ ಇಬ್ಬರು ಹೆಂಗಸರಿಗೂ ಹೆಸರು ಇದ್ದಿರಬೇಕು. ಕೇಳಿ ತಿಳಿದುಕೊಳ್ಳಿ. ಯಾರು ಯಾವುದರಲ್ಲಿ ಎಂದು ಇನ್ನು ಗೊತ್ತಾಗುವುದಿಲ್ಲ, ಹೋಗಲಿ. ಮೂವರೂ ಎಲ್ಲೋ ಅಲ್ಲೇ ಇದ್ದಾರೆ. ನನಗೆ ಜಾಗ ನೋಡುವಾಗ ಎಡಗಡೆ ಎಂದು ಹುಡುಕಬೇಡಿ. ಮೂರೂ ಕಾಣುವ ಹಾಗೆ ಒಂದು ಕಡೆ ನೋಡಿ, ಸಾಕು.

ಪಟ್ಟಿಯಲ್ಲಿ ನನ್ನನ್ನು ಲಿಮಿ ಎಂದೇ ಬರೆಸಿ. ನಾನು ಯಾರ ಅಮ್ಮನೂ ಅಲ್ಲ. ಅದಕ್ಕೆ ಜೀವನವೆಲ್ಲ ಮಾತು ಕೇಳಿದ್ದೇನೆ, ಈಗ ಒಂದು ಉಪಯೋಗವಾದರೂ ಆಗಲಿ.

ಲಿಮಿ


ಹೊಸ ಬುಕೊಂಜಾ
೨೭ ಫೆಬ್ರವರಿ ೨೦೦೦

ಲಿಮಿ,

ಮೊದಲು ಮದುಹು ಹತ್ತಿರ ಹೋದೆ. ಗೋಡೆಯ ನೆರಳಿನಲ್ಲಿ ಕೂತಿದ್ದ.

"ನಿನ್ನ ಹೆಂಡ್ತಿ ಹೆಸರೇನಪ್ಪ?"

"ಯಾಕೆ, ನಿಂಗ್ಯಾಕೆ?"

"ಬರೆಯೋಕೆ."

"ನೀನು ಬರೆದದ್ದು, ಓದಿದ್ದು ಎಲ್ಲ ಆಯ್ತಲ್ಲ ಮೇಷ್ಟ್ರೇ, ಇನ್ನೂ ಏನಿದೆ?"

ನಾನು ಪಕ್ಕದಲ್ಲಿ ಕೂತೆ. ನೆರಳು ಜರುಗಿತು, ಇಬ್ಬರೂ ಜರುಗಿದೆವು. ಮೂರೂ ಮುಕ್ಕಾಲಿಗೆ ಸೈರನ್ ಆಯಿತು, ಕೋಳಿಗಳು ಒಳಗೆ ಹೋದವು, ಗುಂಡಿಯ ಕಡೆ ಸದ್ದಾಯಿತು, ತಗಡು ನಡುಗಿತು. ಆ ಸದ್ದಿನ ಹಿಂದೆಯೇ ಅವನು ಏನೋ ಅಂದ.

"ಕೇಳಿಸ್ಲಿಲ್ಲ."

"ಹೋಲೊ" ಎಂದ. ಆಮೇಲೆ, "ಕೂಗಿದ್ರೆ ಓ ಅಂತಿದ್ಲು, ಮದುವೆಗೆ ಮುಂಚೆ. ಬೇಲಿ ಆಚೆಯಿಂದ ಕೂಗ್ತಿದ್ದೆ."

ಮೂರನೆಯ ಮನೆಯ ಮಬುಲಾ ಈಗ ಗೈಟಾ ರಸ್ತೆಯಲ್ಲಿ ಟೈರು ಅಂಗಡಿ ಇಟ್ಟಿದ್ದಾನೆ. ನಲವತ್ತು ವಯಸ್ಸು. ನಿನ್ನ ಅಮ್ಮನ ಹೆಸರೇನು ಎಂದರೆ, "ಅಮ್ಮ" ಎಂದ. ತಮಾಷೆಯಲ್ಲ, ಅವನಿಗೆ ಗೊತ್ತಿಲ್ಲ. ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟು ಎದ್ದ. ಮೀನು ಮಾರುವ ಅವನ ಚಿಕ್ಕಮ್ಮನನ್ನು ಇಬ್ಬರೂ ಸೇರಿ ಹುಡುಕಿಕೊಂಡು ಹೋದೆವು. ಕಶಿಂಜೆ ಎಂದಳು ಅವಳು. ಆಮೇಲೆ ಅವನಿಗೆ ಚೆನ್ನಾಗಿ ಬೈದಳು. ದಾರಿಯಲ್ಲಿ ಅವನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದ, ಕಶಿಂಜೆ, ಕಶಿಂಜೆ, ಹೊಸ ಗಿರಾಕಿಯ ಹೆಸರು ನೆನಪಿಟ್ಟುಕೊಳ್ಳುವವನ ಹಾಗೆ. ಬೋರ್ಡಿಗೆ ತಗಡು ಅವನೇ ಕೊಟ್ಟ, ಬಣ್ಣವನ್ನೂ.

ಮೂರು ಬೋರ್ಡು ಬರೆದೆ. ಒಂದೊಂದರಲ್ಲೂ ಮೂರು ಹೆಸರು. ಹೋಲೊ, ಕಶಿಂಜೆ, ಮಿಂಜಾ. ನನ್ನ ಹೆಂಡತಿಯದನ್ನು ಕೊನೆಗೆ ಇಟ್ಟಿದ್ದು ಅಷ್ಟರಲ್ಲಿ ಕೈ ಪಳಗಲಿ ಎಂದು, ಆದರೂ ಮೊದಲ ಬೋರ್ಡಿನಲ್ಲಿ ಸೊಟ್ಟಗಾಗಿದೆ. ಮಿಂಜಾ ಎಂದು ಬರೆದೆ, ಬರೆದ ಮೇಲೆ ಒಂದು ಸಲ ಗಟ್ಟಿಯಾಗಿ ಓದಿದೆ. ಇಪ್ಪತ್ತೊಂಬತ್ತು ವರ್ಷದ ನಂತರ. ಅಕ್ಕಪಕ್ಕ ಯಾರೂ ಇರಲಿಲ್ಲ.

ನಿನ್ನೆ ಗುಮಾಸ್ತನ ಹತ್ತಿರ ಹೋಗಿದ್ದೆ. ಮೂವತ್ತೆಂಟನೇ ನಂಬರು ಖಾಲಿ ಇದೆ, ಸಾಲಿನ ಆ ಕೊನೆಗೆ. ಪುಸ್ತಕ ತೆರೆದ.

"ಯಾರ ಅಮ್ಮ?"

"ಯಾರ ಅಮ್ಮನೂ ಅಲ್ಲ. ಲಿಮಿ ಅಂತ ಬರಿ."

"ತೀರ್ಕೊಂಡಿದ್ದು ಯಾವಾಗ?"

"ಇನ್ನೂ ಇಲ್ಲ. ಟಾಂಗಾ ಬಸ್ಸಿಗೆ ಬರ್ತಾಳೆ."

ಅವನು ಪೆನ್ನು ಎತ್ತಿಕೊಂಡು ನನ್ನನ್ನೇ ನೋಡಿದ. ತಾತ, ಹೀಗೆ ಬರೆಯುವ ಪದ್ಧತಿ ಇಲ್ಲ ಎಂದ. ನಿಮ್ಮ ಪದ್ಧತಿಗೆ ಒಂದು ಸಲ ಸಹಿ ಹಾಕಿದ್ದೇನೆ, ನನ್ನ ಪದ್ಧತಿಗೆ ನೀನು ಒಂದು ಸಲ ಬರೆ ಎಂದೆ. ಬರೆದ, ಪೆನ್ಸಿಲಿನಲ್ಲಿ.

ಕೋಣೆಯಲ್ಲಿದ್ದ ಬಾಡಿಗೆಯವರನ್ನು ಮಬುಲಾ ಬಿಡಿಸಿದ್ದಾನೆ. ಅಲ್ಲಿ ಬಾಡಿಗೆಯವರು ಇದ್ದದ್ದೇನೋ ನಿಜ, ಬಾಯಿ ಒರಟಾಗಿರಲಿಲ್ಲ. ಜೋಳ ಮೊಳಕೆಗೆ ಹಾಕಿದ್ದೇನೆ, ಬೀರು ಆಗಲು ವಾರ ಬೇಕು. ಮುದುಕಿಯ ಕೈ ನೋವೂ ಸುಳ್ಳೇ. ಮಬುಲಾ ಮ್ವಾಂಜಾದವರೆಗೆ ಬಂದು ನಿನ್ನನ್ನು ಇಳಿಸಿಕೊಳ್ಳುತ್ತಾನೆ, ಕಿತ್ತಳೆ ಕೋಟು ಹಾಕಿಕೊಂಡೇ ಬರಲಿ, ದೂರದಿಂದ ಗುರುತು ಸಿಗುತ್ತದೆ.

ಮೂವತ್ತೆಂಟರ ಜಾಗದಲ್ಲಿ ನಿಂತು ನೋಡಿದೆ. ಮೂರೂ ಬೋರ್ಡು ಕಾಣುತ್ತವೆ. ಓದಲು ಮಾತ್ರ ನನ್ನ ಕಣ್ಣಿಗೆ ಆಗಲಿಲ್ಲ.

ಬರುವಾಗ ನಿನ್ನ ಕನ್ನಡಕ ಮರೆಯಬೇಡ.

ನಿನ್ನ ಭಾವ,
ಮಗೆಂಬೆ